ಮುಯ್ಯಾಳಿನ ಲೆಕ್ಕ

ನಮ್ಮೂರಲ್ಲಿ ನಮ್ಮ ಬೀದಿಗೆ ಹದಿನಾಲ್ಕು ಮನೆ, ಆರು ಟ್ರ್ಯಾಕ್ಟರ್. ಹದಿನಾಲ್ಕೂ ಮನೆಯ ಹೊಲ ಸೇರಿಸಿ ಅಳೆದರೂ ಐವತ್ತು ಎಕರೆ ಆಗಲ್ಲ. ತಿಪಟೂರು ಕಡೆಯ ಮಳೆ ನಂಬಿಕೊಂಡ ಭೂಮಿ. ರಾಗಿ, ರಾಗಿ ಮಧ್ಯೆ ಅವರೆ ಸಾಲು, ಬದುವಿನಲ್ಲಿ ನಾಲ್ಕು ತೆಂಗು. ಇಷ್ಟಕ್ಕೆ ಆರು ಟ್ರ್ಯಾಕ್ಟರ್. ಅದರಲ್ಲಿ ಮೂರರ ಕಂತು ಕಟ್ಟುವುದು ಹೊಲ ಅಲ್ಲ, ಬೆಂಗಳೂರಿನ ಸಂಬಳ.

ಏಳನೆಯದು ನಮ್ಮದಾಗಬೇಕಿತ್ತು. ಅಪ್ಪ ಡೀಲರ್ ಹತ್ತಿರ ಕೊಟೇಶನ್ ತಂದು ದೇವರ ಫೋಟೋ ಹಿಂದೆ ಇಟ್ಟಿದ್ದರು. ಟ್ರ್ಯಾಕ್ಟರ್, ರೋಟವೇಟರ್, ಟ್ರೇಲರ್ ಎಲ್ಲಾ ಸೇರಿ ಎಂಟು ಲಕ್ಷದ ಮೇಲೆ. ಮುಂಗಡ ನಾನು ಕೊಡಬೇಕು, ಮಿಕ್ಕಿದ್ದಕ್ಕೆ ಮೂರು ಎಕರೆ ಅಡ ಇಡಬೇಕು. ಪಹಣಿಯಲ್ಲಿ ತಾತನ ಕಾಲದಿಂದ ಯಾವ ಬ್ಯಾಂಕಿನ ಹೆಸರೂ ಬರದೇ ಇದ್ದ ಜಮೀನು ಅದು.

ಅಪ್ಪನದು ಬರೀ ಹಟ ಅಂತ ನನಗೆ ಅನ್ನಿಸಲಿಲ್ಲ. ಮಳೆ ಬಿದ್ದ ಮೇಲೆ ಭೂಮಿಗೆ ಹದ ಬರುತ್ತೆ. ಆ ಹದ ಎರಡು ದಿನವೋ ಮೂರು ದಿನವೋ ಇದ್ದು ಹೋಗುತ್ತೆ. ಅಷ್ಟರಲ್ಲಿ ಉಳಬೇಕು, ಬಿತ್ತಬೇಕು. ಆ ಮೂರು ದಿನ ಬಾಡಿಗೆ ಟ್ರ್ಯಾಕ್ಟರಿನವನು ಫೋನೇ ಎತ್ತಲ್ಲ. ಎತ್ತಿದರೂ 'ನಾಳೆ ಬರ್ತೀನಿ ಗೌಡ್ರೆ' ಅಂತಾನೆ. ಆ ನಾಳೆ ಬರುವ ಹೊತ್ತಿಗೆ ನೆಲ ಕಲ್ಲಾಗಿರುತ್ತೆ. ಮೂರು ವರ್ಷದಲ್ಲಿ ಎರಡು ಸಲ ಹೀಗಾಗಿ, ಬಾವಿ ಕಡೆಯ ಒಂದು ಎಕರೆ ಬೀಳು ಬಿದ್ದಿತ್ತು. ಅರವತ್ತು ದಾಟಿದ ಮನುಷ್ಯ, ಎತ್ತು ಮಾರಿದ್ದಾಗಿದೆ, ಮಗ ಊರಲ್ಲಿಲ್ಲ. 'ಇನ್ನೊಬ್ಬನ ಮನೆ ಬಾಗಿಲು ಕಾಯಕ್ಕೆ ಆಗಲ್ಲ ಕಣಪ್ಪ' ಅಂದರು. ಹೋಗಿ ಬೇಡಿಕೊಳ್ಳುವ ಕಷ್ಟ ಬಡ್ಡಿ ಕಟ್ಟುವ ಕಷ್ಟಕ್ಕಿಂತ ದೊಡ್ಡದಾಗಿ ಕಾಣುವುದು ನಮ್ಮ ಅಪ್ಪನಿಗೊಬ್ಬರಿಗೇ ಅಲ್ಲ.

ಆದರೂ ಲೆಕ್ಕ ಹಾಕದೇ ಇರಲಿಕ್ಕೆ ಆಗಲಿಲ್ಲ. ಇಂಜಿನಿಯರ್ ಆಗಿ ಬಂದ ಚಾಳಿ ಅದೊಂದು. ಎಂಟು ಲಕ್ಷದ ಟ್ರ್ಯಾಕ್ಟರ್ ಹತ್ತು ವರ್ಷ ಬಾಳುತ್ತೆ ಅಂದುಕೊಂಡರೆ ವರ್ಷಕ್ಕೆ 80,000. ಬಡ್ಡಿ, ಇನ್ಶೂರೆನ್ಸು, ಸರ್ವಿಸ್ಸು, ಟೈರು ಎಲ್ಲಾ ಸೇರಿ ಇನ್ನೊಂದು 60,000 ಅಂದುಕೊಳ್ಳಿ. ಒಟ್ಟು 1,40,000. ನಮ್ಮ ಮೂರು ಎಕರೆಗೆ ಉಳುಮೆ, ರೋಟವೇಟರ್, ಗೊಬ್ಬರ ಹೊಡೆಯುವುದು, ತೆನೆ ಸಾಗಿಸುವುದು ಎಲ್ಲಾ ಸೇರಿಸಿದರೂ ವರ್ಷಕ್ಕೆ ಮೂವತ್ತು ಗಂಟೆ ಕೆಲಸ. ಅಲ್ಲಿಗೆ ಒಂದು ಗಂಟೆಗೆ 4,600 ರೂಪಾಯಿಗೂ ಮೇಲೆ, ಅದೂ ಡೀಸೆಲ್ ಹಾಕುವ ಮುಂಚೆ. ನಮ್ಮೂರಲ್ಲಿ ಬಾಡಿಗೆ ಗಂಟೆಗೆ ಸಾವಿರದ ಆಸುಪಾಸು. ಅದೇ ಟ್ರ್ಯಾಕ್ಟರ್ ವರ್ಷಕ್ಕೆ 350 ಗಂಟೆ ಓಡಿದರೆ ಅದೇ ಖರ್ಚು ಗಂಟೆಗೆ 400ಕ್ಕೆ ಇಳಿಯುತ್ತೆ. ಯಂತ್ರ ಅದೇ, ಹೊಲವೂ ಅದೇ, ಓಡಿದ ಗಂಟೆಯಲ್ಲಷ್ಟೇ ವ್ಯತ್ಯಾಸ.

ಇದು ನಮ್ಮ ಬೀದಿಯ ಕಥೆ ಮಾತ್ರ ಅಲ್ಲ. 2015-16ರ ಕೃಷಿ ಗಣತಿ ಪ್ರಕಾರ ದೇಶದಲ್ಲಿ ಒಂದು ಹಿಡುವಳಿಯ ಸರಾಸರಿ ಅಳತೆ 1.08 ಹೆಕ್ಟೇರ್, ಅಂದರೆ ಎರಡೂಮುಕ್ಕಾಲು ಎಕರೆಗೂ ಕಮ್ಮಿ. ನೂರಕ್ಕೆ 86 ಹಿಡುವಳಿ ಸಣ್ಣ ಇಲ್ಲವೇ ಅತಿ ಸಣ್ಣ ರೈತರದು. ಇಷ್ಟು ಚಿಕ್ಕ ಹೊಲಕ್ಕೆ ಸ್ವಂತ ಟ್ರ್ಯಾಕ್ಟರ್ ಅಂದರೆ, ದಿನಾ ಆಫೀಸಿಗೆ ಹೋಗಿಬರಲು ಸ್ವಂತಕ್ಕೊಂದು ಬಸ್ಸು ಇಟ್ಟುಕೊಂಡ ಹಾಗೆ.

ಹಾಗಾದ್ರೆ ಹಂಚಿಕೊಂಡ್ರೆ ಆಯ್ತಲ್ಲ ಅಂತ ನೀವು ಕೇಳಬಹುದು. ಕೋರಮಂಗಲದಲ್ಲಿ ಕಾಫಿ ಕುಡೀತಾ ನಾನೂ ಹಾಗೇ ಅಂದುಕೊಂಡಿದ್ದೆ. ಕಷ್ಟ ಇರುವುದು ಹಂಚಿಕೊಳ್ಳುವ ಮನಸ್ಸಿನಲ್ಲಿ ಅಲ್ಲ. ಮಳೆ ಎಲ್ಲರ ಹೊಲಕ್ಕೂ ಒಂದೇ ದಿನ ಬೀಳುತ್ತೆ, ರಾಗಿ ಎಲ್ಲರದ್ದೂ ಒಂದೇ ವಾರ ಮಾಗುತ್ತೆ. ಮೊದಲು ಯಾರ ಹೊಲ?

ಹಂಚಿಕೊಳ್ಳುವುದು ನಮ್ಮೂರಿಗೆ ಹೊಸದೇನಲ್ಲ. ಹಳೇ ಮೈಸೂರು ಕಡೆಯವರಿಗೆ ಮುಯ್ಯಿ ಗೊತ್ತಿರುತ್ತೆ. ಮದುವೆ ಮನೆಯಲ್ಲಿ ಒಬ್ಬ ನೋಟ್‌ಬುಕ್ ಹಿಡಿದು ಕೂತು ಯಾರು ಎಷ್ಟು ಮುಯ್ಯಿ ಹಾಕಿದರು ಅಂತ ಬರೆದುಕೊಳ್ಳುತ್ತಾನಲ್ಲ, ಅದು. ನಾಳೆ ಅವರ ಮನೆ ಮದುವೆಗೆ ಆ ಪುಸ್ತಕ ತೆಗೆದು ನೋಡಿಯೇ ನಾವು ಹಾಕುವುದು. ಇದೇ ಮಾತು ಹೊಲದಲ್ಲೂ ಇತ್ತು. ಇವತ್ತು ನಮ್ಮ ಹೊಲದ ಕಳೆ ಕೀಳಲು ಆರು ಮನೆಯಿಂದ ಆರು ಜನ ಬಂದರೆ, ಮುಂದೆ ಆರೂ ಮನೆಗೆ ನಮ್ಮ ಮನೆಯಿಂದ ಒಬ್ಬರು ಹೋಗಿ ಬರಬೇಕು. ಅದು ಮುಯ್ಯಾಳು. ದುಡ್ಡಿನ ಮಾತಿಲ್ಲ, ಊಟ ಹಾಕಿದರಾಯಿತು. ಎತ್ತು ಇಲ್ಲದವನು ಎತ್ತಿದ್ದವನಿಂದ ಒಂದು ದಿನ ಉಳುಮೆ ಮಾಡಿಸಿಕೊಂಡು, ಅದಕ್ಕೆ ಬದಲಾಗಿ ಇಷ್ಟು ದಿನ ಆಳಾಗಿ ಹೋಗಿ ತೀರಿಸುತ್ತಿದ್ದ. ಅಜ್ಜಿ ಅಡುಗೆಮನೆ ಗೋಡೆಗೆ ಇದ್ದಿಲಿನಲ್ಲಿ ಗೀಟು ಎಳೆದು ಇದನ್ನೆಲ್ಲಾ ಲೆಕ್ಕ ಇಡುತ್ತಿದ್ದರು. ತೀರಿಸಿದ ಮೇಲೆ ಒಂದೊಂದೇ ಗೀಟು ಒರೆಸುತ್ತಿದ್ದರು.

ಮುಯ್ಯಿಯನ್ನು ನೆನೆದು ಕಣ್ಣೀರು ಹಾಕುವವರ ಸಾಲಿಗೆ ನಾನು ಸೇರಲ್ಲ. ಅದು ನಡೆಯುತ್ತಿದ್ದುದು ನೆಂಟರಿಷ್ಟರ ನಡುವೆ, ಒಂದೇ ಜಾತಿಯ ಮನೆಗಳ ನಡುವೆ. ಊರಾಚೆ ಕೇರಿಯವರು ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದರು, ಮುಯ್ಯಿಗೆ ಅಲ್ಲ. ಮುಯ್ಯಿ ಅಂದರೆ ಸಮ ಸಮ. ನಾವೂ ಅವರ ಹೊಲಕ್ಕೆ ಹೋಗಿ ಬಗ್ಗಬೇಕಾಗುತ್ತಲ್ಲ! ಇನ್ನೊಂದು, ಮುಯ್ಯಿ ನಡೆಯಬೇಕಾದರೆ ಪ್ರತಿ ಮನೆಯಲ್ಲೂ ದುಡಿಯುವ ಕೈ ಇರಬೇಕು. ನಮ್ಮ ಬೀದಿಯ ದುಡಿಯುವ ಕೈ ಈಗ ಪೀಣ್ಯದಲ್ಲಿದೆ, ಗಾರ್ಮೆಂಟ್ಸ್‌ನಲ್ಲಿದೆ, ನನ್ನ ಹಾಗೆ ಕೀಬೋರ್ಡ್ ಮುಂದಿದೆ. ಮನೆಯಲ್ಲಿರುವವರು ಅಪ್ಪ, ಅಮ್ಮ.

ಇದೇ ಮುಯ್ಯಿಯನ್ನು ನಾನು ಇನ್ನೊಂದು ಕಡೆ ನೋಡಿದೆ. 2019ರಲ್ಲಿ ಪ್ರಾಜೆಕ್ಟ್ ಕೆಲಸದ ಮೇಲೆ ಫ್ರಾನ್ಸಿನ ತುಲೂಸ್‌ನಲ್ಲಿ ಕೆಲವು ತಿಂಗಳು ಇದ್ದೆ. ಸಹೋದ್ಯೋಗಿಯೊಬ್ಬನ ಅಣ್ಣ ಹಳ್ಳಿಯಲ್ಲಿ ಹಸು ಸಾಕಿಕೊಂಡು ಜೋಳ ಬೆಳೆಯುತ್ತಾನೆ. ಒಂದು ಶನಿವಾರ ಅಲ್ಲಿಗೆ ಹೋಗಿದ್ದಾಗ ಒಂದು ದೊಡ್ಡ ಶೆಡ್ ತೋರಿಸಿದ. ಒಳಗೆ ಸಾಲಾಗಿ ಯಂತ್ರಗಳು. 'ಇದೆಲ್ಲಾ ನಿಂದಾ?' ಅಂದೆ. 'ನಮ್ಮದು' ಅಂದ. ಅವರ ಕಡೆ ಅದಕ್ಕೆ ಕ್ಯುಮಾ ಅಂತಾರೆ. ಕೃಷಿ ಯಂತ್ರ ಬಳಸುವವರ ಸಹಕಾರ ಸಂಘ ಅಂತ ಅರ್ಥ. ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ, ಯಂತ್ರಗಳಿಗೂ ದುಡ್ಡಿಗೂ ಬರ ಇದ್ದಾಗ ಇವಕ್ಕೆ ಕಾನೂನಿನ ರೂಪ ಸಿಕ್ಕಿತು. ಇವತ್ತು ಫ್ರಾನ್ಸಿನಲ್ಲಿ ಇಂಥ ಸಂಘಗಳು ಹತ್ತು ಸಾವಿರದಷ್ಟಿವೆ. ನಾಲ್ಕು ಜನ ರೈತರು ಸೇರಿದರೆ ಒಂದು ಶುರು ಮಾಡಬಹುದು.

ನನಗೆ ಹಿಡಿಸಿದ್ದು ಅದರ ನಿಯಮ. ಒಂದು ಯಂತ್ರ ಕೊಳ್ಳುವ ಮುಂಚೆ ಪ್ರತಿ ಸದಸ್ಯನೂ 'ನನಗೆ ವರ್ಷಕ್ಕೆ ಇಷ್ಟು ಗಂಟೆ ಬೇಕು' ಅಂತಲೋ 'ಇಷ್ಟು ಹೆಕ್ಟೇರ್‌ಗೆ ಬೇಕು' ಅಂತಲೋ ಬರೆದು ಸಹಿ ಹಾಕುತ್ತಾನೆ. ಹಾಕುವ ಷೇರು ದುಡ್ಡೂ ಅದೇ ಲೆಕ್ಕದಲ್ಲಿ. ಆಮೇಲೆ ಬಳಸದೇ ಹೋದರೂ ಒಪ್ಪಿಕೊಂಡಷ್ಟಕ್ಕೆ ಪಾಲು ಕೊಡಬೇಕಾಗಬಹುದು. ಷೇರು ಹೆಚ್ಚಿದ್ದವನಿಗೂ ಸಭೆಯಲ್ಲಿ ಒಂದೇ ಓಟು. ಅನೇಕ ಕ್ಯುಮಾಗಳಲ್ಲಿ ಇನ್ನೊಂದು ಪುಸ್ತಕ ಇದೆ. ಅದರ ಹೆಸರನ್ನು ಕನ್ನಡಕ್ಕೆ ತಂದರೆ 'ಕೆಲಸದ ಬ್ಯಾಂಕು'. ಯಾರು ಯಾರ ಹೊಲದಲ್ಲಿ ಎಷ್ಟು ಗಂಟೆ ದುಡಿದರು, ಯಾರ ಸ್ವಂತ ಟ್ರ್ಯಾಕ್ಟರ್ ಯಾರಿಗೆ ಎಷ್ಟು ಓಡಿತು ಅಂತ ಬರೆದಿಟ್ಟು, ವರ್ಷದ ಕೊನೆಗೆ ಕೂಡಿ ಕಳೆದು, ಉಳಿದ ವ್ಯತ್ಯಾಸವನ್ನಷ್ಟೇ ದುಡ್ಡಿನಲ್ಲಿ ತೀರಿಸುತ್ತಾರೆ. ಅಜ್ಜಿಯ ಇದ್ದಿಲು ಗೀಟಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ?

ಜರ್ಮನಿಯವರದ್ದು ಇನ್ನೊಂದು ದಾರಿ. 1958ರಲ್ಲಿ ಬವೇರಿಯಾದ ಬುಖ್‌ಹೋಫೆನ್ ಅನ್ನುವ ಹಳ್ಳಿಯಲ್ಲಿ ಎರಿಕ್ ಗೈಯರ್ಸ್‌ಬರ್ಗರ್ ಎನ್ನುವವರು ಮೊದಲ 'ಮಷಿನ್ ಬಳಗ' ಕಟ್ಟಿದರು. ಅಲ್ಲಿ ಯಂತ್ರ ಅವರವರದೇ. ಯಾರ ಹತ್ತಿರ ಯಾವ ಯಂತ್ರ ಬಿಡುವಾಗಿದೆ, ಯಾರಿಗೆ ಬೇಕಾಗಿದೆ ಅಂತ ಹೊಂದಿಸಿ ಕೊಡುವುದು, ಬಾಡಿಗೆ ಮೊದಲೇ ಗೊತ್ತು ಮಾಡುವುದು ಬಳಗದ ಕೆಲಸ. ಆರು ಟ್ರ್ಯಾಕ್ಟರ್ ಆಗಲೇ ಬಂದು ನಿಂತಿರುವ ನಮ್ಮಂಥ ಬೀದಿಗೆ ಇದು ಚೆನ್ನಾಗಿ ಹೊಂದುತ್ತೆ ಅಂತ ಆಗಲೇ ಅನ್ನಿಸಿತ್ತು.

ಇದನ್ನೆಲ್ಲಾ ಊರಲ್ಲಿ ಹೇಳಿದರೆ ಯಾರು ಕೇಳುತ್ತಾರೆ? 'ಅದು ಫಾರಿನ್ನು. ನಮ್ಮೋರು ಒಂದು ಬೋರ್‌ವೆಲ್ ನೀರೇ ಹಂಚ್ಕಳಲ್ಲ, ಮಿಷನ್ ಹಂಚ್ಕಂತಾರಾ?' ಅಂದರು ಅಪ್ಪ. ಅವರ ಮಾತಿಗೆ ಉತ್ತರ ಕೊಟ್ಟಿದ್ದು ನಾನಲ್ಲ, ನಮ್ಮ ಚಿಕ್ಕಮ್ಮ. ಎಸ್ಸೆಸ್ಸೆಲ್ಸಿ ಓದಿದವರು, ಊರಿನ ಹಾಲಿನ ಡೈರಿಯಲ್ಲಿ ಸೆಕ್ರೆಟರಿ. 'ಯಾಕ್ ಬಾವ, ದಿನಾ ಬೆಳಗ್ಗೆ ಸಾಯಂಕಾಲ ಎರಡೊತ್ತೂ ಈ ಊರಿನ ಹಾಲೆಲ್ಲಾ ಒಂದೇ ಕ್ಯಾನಿಗೆ ಸುರೀತೀರಲ್ಲ, ಅದು ಹಂಚ್ಕಳದಲ್ವಾ? ಯಾವತ್ತಾದ್ರೂ ಜಗಳ ಆಗೈತಾ?'

ಆ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಬೋರ್‌ವೆಲ್ ನೀರಿಗೆ ಹೊಡೆದಾಡುವ ಅದೇ ಜನ ಡೈರಿಯಲ್ಲಿ ಯಾಕೆ ಹೊಡೆದಾಡಲ್ಲ? ಡೈರಿಯಲ್ಲಿ ಪ್ರತಿಯೊಬ್ಬರ ಹಾಲನ್ನೂ ಕಣ್ಣೆದುರೇ ಅಳೆಯುತ್ತಾರೆ, ಫ್ಯಾಟ್ ನೋಡುತ್ತಾರೆ, ಆಗಲೇ ಪುಸ್ತಕಕ್ಕೆ ಬರೆಯುತ್ತಾರೆ. ಹೇಳಿದ ದಿನಕ್ಕೆ ದುಡ್ಡು ಬರುತ್ತೆ. ಡೈರಿಗೆ ಹಾಲು ಹಾಕುವವರೆಲ್ಲ ಒಬ್ಬರನ್ನೊಬ್ಬರು ನಂಬಬೇಕಾಗಿಲ್ಲ, ಅಳತೆಯನ್ನು ನಂಬಿದರೆ ಸಾಕು. ಬೋರ್‌ವೆಲ್‌ಗೆ ಅಳತೆಯೂ ಇಲ್ಲ, ಪುಸ್ತಕವೂ ಇಲ್ಲ. 'ನಮ್ಮ ನಮ್ಮೊಳಗೆ ಎಂಥ ಲೆಕ್ಕ' ಅನ್ನುತ್ತಾರಲ್ಲ, ನಾನು ಕಂಡ ಪಾಲುದಾರಿಕೆ ಜಗಳಗಳೆಲ್ಲ ಶುರುವಾಗಿದ್ದು ಆ ಮಾತಿನಿಂದಲೇ.

ಸಹಕಾರದ ವಿಷಯದಲ್ಲಿ ಕರ್ನಾಟಕಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. 1905ರಲ್ಲೇ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಲಕ್ಕೆ ಸೊಸೈಟಿ ಇದೆ, ಗೊಬ್ಬರಕ್ಕಿದೆ, ಹಾಲಿಗಿದೆ, ಮಲೆನಾಡಿನಲ್ಲಿ ಅಡಿಕೆಗಿದೆ. ಯಂತ್ರಕ್ಕೆ ಸರ್ಕಾರವೇ 2014-15ರಲ್ಲಿ ಕೃಷಿ ಯಂತ್ರಧಾರೆ ಶುರು ಮಾಡಿತು. ಹೋಬಳಿ ಮಟ್ಟದ ಕೇಂದ್ರಗಳಲ್ಲಿ ಟ್ರ್ಯಾಕ್ಟರ್, ಟಿಲ್ಲರ್, ಒಕ್ಕಣೆ ಯಂತ್ರ ಬಾಡಿಗೆಗೆ ಸಿಗುತ್ತವೆ. ಒಳ್ಳೆಯದೇ. ಆದರೆ ಅಲ್ಲಿ ರೈತ ಗಿರಾಕಿ. ಮೊದಲು ಯಾರ ಹೊಲ ಅನ್ನುವುದನ್ನು ತೀರ್ಮಾನಿಸುವ ಓಟು ಅವನಿಗಿಲ್ಲ. ಸಂಘದಲ್ಲಿ ಅವನು ಸದಸ್ಯ. ಹದ ಬಂದ ದಿನ ಈ ವ್ಯತ್ಯಾಸ ಗೊತ್ತಾಗುತ್ತೆ.

ಕೊನೆಗೆ ನಮ್ಮ ಬೀದಿಯಲ್ಲಿ ಒಂಬತ್ತು ಮನೆ ಒಪ್ಪಿದವು. ಟ್ರ್ಯಾಕ್ಟರ್ ಇರುವ ಇಬ್ಬರು ಒಳಗೆ ಬಂದರು. ಹಾಗಾಗಿ ಏಳನೇ ಟ್ರ್ಯಾಕ್ಟರ್ ಕೊಳ್ಳುವ ಮಾತು ಬಿಟ್ಟುಹೋಯಿತು. ರೋಟವೇಟರ್ ಒಂದು, ರಾಗಿ ಒಕ್ಕಣೆ ಮಿಷನ್ ಒಂದು, ಇವೆರಡನ್ನು ಎಲ್ಲರೂ ಸೇರಿ ಕೊಂಡೆವು. ಹಾಕಿದ ದುಡ್ಡು ಅವರವರ ಎಕರೆ ಲೆಕ್ಕದಲ್ಲಿ, ಓಟು ಮನೆಗೊಂದು. ಟ್ರ್ಯಾಕ್ಟರ್‌ನವರಿಗೆ ಗಂಟೆಗೆ ಇಷ್ಟು ಅಂತ ಯುಗಾದಿಗೆ ಕೂತು ಮೊದಲೇ ಗೊತ್ತು ಮಾಡುವುದು. ಊರಿನ ಬಾಡಿಗೆಗಿಂತ ಸ್ವಲ್ಪ ಕಮ್ಮಿ, ಆದರೆ ಒಂಬತ್ತು ಮನೆ ಕೆಲಸ ಗ್ಯಾರಂಟಿ. ಬ್ಯಾಂಕಿನಲ್ಲಿ ಜಂಟಿ ಖಾತೆ. ಇನ್ನೂ ಸೊಸೈಟಿ ಅಂತ ನೋಂದಣಿ ಆಗಿಲ್ಲ, ಅರ್ಜಿ ಕೊಡುವ ಮಾತು ನಡೀತಿದೆ. ಪುಸ್ತಕ ಚಿಕ್ಕಮ್ಮನ ಹತ್ತಿರ.

ಫ್ರೆಂಡ್ ಒಬ್ಬ 'ಆ್ಯಪ್ ಮಾಡು ಮಗಾ, ಸ್ಟಾರ್ಟಪ್ ಐಡಿಯಾ ಇದು' ಅಂದ. ಒಂಬತ್ತು ಮನೆಗೆ ಆ್ಯಪ್ ಯಾಕೆ? ಚಿಕ್ಕಮ್ಮ ಉದ್ದನೆಯ ನೋಟ್‌ಬುಕ್‌ನಲ್ಲಿ ಬರೆದು ರಾತ್ರಿ ಆ ಪುಟದ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ತಕರಾರು ಇದ್ದವನು ಬೆಳಗ್ಗೆ ಡೈರಿಗೆ ಬಂದಾಗ ಹೇಳಬೇಕು. ಆಮೇಲೆ ಹೇಳಿದರೆ ಇಲ್ಲ.

ಇನ್ನು ಆ ಕಷ್ಟದ ಪ್ರಶ್ನೆ, ಮೊದಲು ಯಾರ ಹೊಲ? ಅದಕ್ಕೆ ಎರಡು ಉಪಾಯ ಮಾಡಿದರು. ಒಂದು, ಸರದಿ. ಈ ವರ್ಷ ಕೆರೆ ಕಡೆಯಿಂದ ಶುರುವಾದರೆ ಬರುವ ವರ್ಷ ಗುಡ್ಡದ ಕಡೆಯಿಂದ. ಇನ್ನೊಂದು ನನಗೆ ಹೊಳೆಯುತ್ತಲೇ ಇರಲಿಲ್ಲ, ಹಿರಿಯರು ಹೇಳಿದ್ದು. ಎಲ್ಲರೂ ಒಂದೇ ತಳಿಯ ರಾಗಿ ಹಾಕುವುದು ಬೇಡ. ಎಂಆರ್-6 ಕೊಯ್ಲಿಗೆ ಬರಲು ನಾಲ್ಕು ತಿಂಗಳು ಬೇಕು. ಜಿಪಿಯು-28 ಅದಕ್ಕಿಂತ ಒಂದು ವಾರ ಹತ್ತು ದಿನ ಮುಂಚೆಯೇ ಬರುತ್ತೆ. ಮೊದಲ ಮಳೆಗೆ ಬಿತ್ತುವವರು ಒಂದು ತಳಿ, ಆಮೇಲೆ ಬಿತ್ತುವವರು ಇನ್ನೊಂದು ಅಂತ ಹೊಂದಿಸಿಕೊಂಡರೆ ಕೊಯ್ಲು ಒಂದು ವಾರಕ್ಕೆ ಮುಗಿಬೀಳದೆ ಮೂರು ವಾರಕ್ಕೆ ಹರಡಿಕೊಳ್ಳುತ್ತೆ. ಒಂದೇ ಮಿಷನ್ ಎಲ್ಲರಿಗೂ ಸಾಲುತ್ತೆ. ಆಫೀಸಿನಲ್ಲಿ ನಾವು ಇದಕ್ಕೆ ಲೋಡ್ ಬ್ಯಾಲೆನ್ಸಿಂಗ್ ಅಂತೀವಿ, ಅದರ ಮೇಲೆ ಟ್ರೈನಿಂಗ್ ಬೇರೆ ಕೊಡ್ತೀವಿ.

ಆಳಿನ ಲೆಕ್ಕ ಇನ್ನೂ ಮುಖ್ಯವಾಯಿತು. ಮಿಷನ್ ಬಂದರೆ ಆಳು ಬೇಡ ಅಂತ ಪೇಟೆಯವರು ಅಂದುಕೊಳ್ಳುತ್ತಾರೆ. ಒಕ್ಕಣೆ ಮಿಷನ್ ಮುಂದೆ ನಿಂತರೆ ಗೊತ್ತಾಗುತ್ತೆ. ಮೆದೆಯಿಂದ ಕಂತೆ ಕೀಳುವವರು ಇಬ್ಬರು, ಎತ್ತಿ ಕೊಡುವವರು ಒಬ್ಬರು, ಬಾಯಿಗೆ ಹಾಕುವವರು ಒಬ್ಬರು, ಕಾಳಿನ ಚೀಲ ಹಿಡಿಯುವವರು ಒಬ್ಬರು, ಹುಲ್ಲು ಎಳೆದು ಬಣವೆ ಹಾಕುವವರು ಇಬ್ಬರು. ಅರ್ಧ ದಿನದ ಕೆಲಸ, ಆದರೆ ಏಳು ಜನ ಒಟ್ಟಿಗೇ ಇರಬೇಕು. ಯಾವ ಮನೆಯಲ್ಲಿ ಏಳು ಜನ ಇದ್ದಾರೆ ಈಗ? ಹಂಚಿಕೊಂಡ ಮಿಷನ್ನಿಗೆ ಹಂಚಿಕೊಂಡ ಆಳು ಇಲ್ಲದಿದ್ದರೆ ಅದು ಶೆಡ್ಡಿನಲ್ಲಿ ಕೊಳೆಯುತ್ತೆ. ಹಾಗಾಗಿ ಪುಸ್ತಕದಲ್ಲಿ ಎರಡು ಭಾಗ, ಮಿಷನ್ ಗಂಟೆ, ಆಳು ಗಂಟೆ. ಸುಗ್ಗಿ ಮುಗಿದ ಮೇಲೆ ಕೂಡಿ ಕಳೆಯುವುದು. ಊರಲ್ಲಿ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಮ್ಮಿ. ಪುಸ್ತಕದಲ್ಲಿ ಮಾತ್ರ ಗಂಟೆ ಅಂದರೆ ಗಂಟೆ. ಇದನ್ನು ಒಪ್ಪದಿದ್ದರೆ ಬರೆಯುವುದಿಲ್ಲ ಅಂತ ಚಿಕ್ಕಮ್ಮ ಮೊದಲ ದಿನವೇ ಪೆನ್ನು ಕೆಳಗಿಟ್ಟಿದ್ದರು. ಎರಡು ಸಭೆ ಬೇಕಾಯಿತು, ಒಪ್ಪಿದರು.

ಎಲ್ಲಾ ಸಲೀಸಾಗಿ ನಡೆಯಿತು ಅಂತ ಹೇಳಲಾರೆ. ಮೊದಲ ವರ್ಷವೇ ಕಾರ್ತಿಕದಲ್ಲಿ ಮೋಡ ಕವಿಯಿತು. ಕೊಯ್ದ ರಾಗಿ ಹೊಲದಲ್ಲೇ ಇದೆ. ಆಗ ಟ್ರ್ಯಾಕ್ಟರ್ ಇದ್ದ ಸದಸ್ಯನೊಬ್ಬ ಮಿಷನ್ ಕಟ್ಟಿಕೊಂಡು ಪಕ್ಕದೂರಿನ ಮಾವನ ಮನೆಗೆ ಹೋಗಿಬಿಟ್ಟ, ಒಳ್ಳೆ ಬಾಡಿಗೆಗೆ. ಎರಡು ಮನೆಯ ರಾಗಿ ನೆನೆಯಿತು, ಹುಲ್ಲು ಕಪ್ಪಾಯಿತು. ದೊಡ್ಡ ಜಗಳ. ಸಭೆ ಕರೆದು ಹೊಸ ನಿಯಮ ಬರೆದರು. ಸದಸ್ಯರ ಸರದಿ ಮುಗಿಯುವ ತನಕ ಮಿಷನ್ ಊರು ದಾಟಬಾರದು. ಆಮೇಲೆ ಹೊರಗೆ ಹೋದರೆ ಆ ಬಾಡಿಗೆ ಜಂಟಿ ಖಾತೆಗೆ ಬರಬೇಕು. ಆ ಸದಸ್ಯ ಒಪ್ಪದೆ ಹೊರಗೆ ಹೋದ. ಅವನು ಹಾಕಿದ್ದ ದುಡ್ಡು ಲೆಕ್ಕ ಮಾಡಿ ವಾಪಸ್ ಕೊಟ್ಟರು. ಈಗ ಎಂಟು ಮನೆ, ಒಳಗೆ ಒಂದೇ ಟ್ರ್ಯಾಕ್ಟರ್. ಬಿತ್ತನೆ ಹೊತ್ತಿಗೆ ಇಕ್ಕಟ್ಟಾಗುತ್ತೆ ಅನ್ನುವುದು ನಿಜ.

ನನ್ನನ್ನು ಕಾಡುವ ಪ್ರಶ್ನೆ ಇನ್ನೊಂದಿದೆ. ಹೊಲ ಇರುವವರು ಹೀಗೆ ಒಬ್ಬರಿಗೊಬ್ಬರು ಆಳಾಗಿ ನಿಂತರೆ, ಹೊಲವೇ ಇಲ್ಲದೆ ಕೂಲಿ ನಂಬಿಕೊಂಡವರ ಗತಿ? ಕೇರಿಯ ಹುಡುಗನೊಬ್ಬ ಈಗ ಮಿಷನ್ ನೋಡಿಕೊಳ್ಳುತ್ತಾನೆ. ಬೆಲ್ಟು ಬದಲಾಯಿಸುವುದು, ಗ್ರೀಸ್ ಹಾಕುವುದು, ಸರದಿ ಪ್ರಕಾರ ಹೊಲಕ್ಕೆ ತಲುಪಿಸುವುದು ಅವನ ಕೆಲಸ. ಅವನಿಗೆ ಸಂಬಳ ಅಂತ ಶುರುವಾಗಿದ್ದು. ಹೋದ ವರ್ಷ ಅವನ ದುಡಿಮೆಯನ್ನೂ ಆಳು ಗಂಟೆ ಭಾಗದಲ್ಲಿ ಬರೆಯಬೇಕು, ಷೇರು ಕೊಟ್ಟು ಅವನಿಗೂ ಓಟು ಕೊಡಬೇಕು ಅನ್ನುವ ಮಾತು ಬಂತು. ನಾಲ್ಕು ಮನೆ ಹೌದು ಅಂದವು, ನಾಲ್ಕು ಸುಮ್ಮನಿದ್ದವು. ಅಪ್ಪ ಮೊದಲು ಸುಮ್ಮನಿದ್ದವರ ಕಡೆ ಇದ್ದರು, ಆಮೇಲೆ ಈ ಕಡೆ ಬಂದರು. ಯಾಕೆ ಅಂತ ಕೇಳಿದೆ. 'ಮಿಷನ್ ಕೆಟ್ರೆ ಅವನು ತಾನೇ ರಾತ್ರೆಲ್ಲಾ ಕೂರದು' ಅಂದರು. ತೀರ್ಮಾನ ಇನ್ನೂ ಆಗಿಲ್ಲ. ಅಜ್ಜಿಯ ಗೋಡೆ ಮೇಲೆ ಅವನ ತಾತನ ಹೆಸರಿಗೆ ಗೀಟು ಇರಲಿಲ್ಲ. ಪುಸ್ತಕದಲ್ಲಿ ಅವನ ಹೆಸರಿಗೆ ಒಂದು ಪುಟ ತೆರೆಯುವುದಾದರೆ, ಈ ಸಂಘ ಮುಯ್ಯಿಗಿಂತ ದೊಡ್ಡದಾಗುತ್ತೆ.

ಲಾಭ ಏನಾಯ್ತು ಅಂತ ಕೇಳಿದರೆ, ಬೀಳು ಬಿದ್ದಿದ್ದ ಬಾವಿ ಕಡೆಯ ಎಕರೆಯಲ್ಲಿ ಎರಡು ವರ್ಷದಿಂದ ರಾಗಿ ಆಗುತ್ತಿದೆ. ಪಹಣಿಯಲ್ಲಿ ಬ್ಯಾಂಕಿನ ಹೆಸರಿಲ್ಲ. ಹೋದ ಸುಗ್ಗಿಯ ಲೆಕ್ಕದಲ್ಲಿ ನಮ್ಮ ಮನೆ ಹನ್ನೊಂದು ಆಳು ಗಂಟೆ ಬಾಕಿ. ಅಪ್ಪನಿಗೆ ಅಷ್ಟು ದುಡಿಯಲು ಆಗಲಿಲ್ಲ, ನಾನು ಹೋಗಿದ್ದು ಎರಡೇ ಭಾನುವಾರ. ಬಾಕಿಯನ್ನು ಫೋನ್‌ಪೇನಲ್ಲಿ ಕಟ್ಟಿದೆ. ಚಿಕ್ಕಮ್ಮ ರಸೀತಿ ಕಳಿಸಿದರು. ಚಿಕ್ಕಮ್ಮನಿಗೆ ದುಡ್ಡು ಕಟ್ಟಿ ರಸೀತಿ ತಗೊಂಡೆಯಾ ಅಂತ ಹೆಂಡತಿ ನಕ್ಕಳು. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನರಿಗೆ ಊರಿನಿಂದ ಇಂಥ ಫೋನು ಬಂದಿರುತ್ತೆ, ಇಲ್ಲಾ ಬರುತ್ತೆ. ಮುಂಗಡಕ್ಕೆ ದುಡ್ಡು ಕೇಳುವ ಅಪ್ಪನಿಗೆ ಇಲ್ಲ ಅನ್ನುವುದು ಕಷ್ಟ. ಅನ್ನಬೇಡಿ ಕೂಡ. ಆದರೆ ಎನ್‌ಇಎಫ್‌ಟಿ ಮಾಡುವ ಮುಂಚೆ ಬೀದಿಯಲ್ಲಿ ಆಗಲೇ ಎಷ್ಟು ಟ್ರ್ಯಾಕ್ಟರ್ ಇವೆ, ಅವು ವರ್ಷಕ್ಕೆ ಎಷ್ಟು ಗಂಟೆ ಓಡುತ್ತವೆ ಅಂತ ಎಣಿಸಿ. ಆಮೇಲೆ ಊರಿನ ಡೈರಿಗೆ ಹೋಗಿ ಅಲ್ಲಿ ಪುಸ್ತಕ ಬರೆಯುವವರು ಯಾರು ಅಂತ ವಿಚಾರಿಸಿ. ಮೊದಲು ಮಾತಾಡಬೇಕಾದ್ದು ಅವರ ಹತ್ತಿರ.